ಮೊಪೆಡ್ ಬಹುಕಾಲ ಬಾಳಬೇಕಾದರೆ



ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಸೀಮೆಯಲ್ಲಿ, ನಮ್ಮ ಮರಳಿಯ ಸುತ್ತಲೂ, ಬೆಳಗಾದರೆ ಗದ್ದೆಯ ಕಡೆಗೆ ಹೊರಡುವ ಮೊಪೆಡ್‌ಗಳನ್ನು ಕಾಣುತ್ತೇವೆ. ಗೊಬ್ಬರದ ಚೀಲ, ಹಾಲಿನ ಕ್ಯಾನು, ಭತ್ತದ ಸಸಿಯ ಕಟ್ಟು ಎಲ್ಲವೂ ಅದರ ಮೇಲೆಯೇ. ಒಬ್ಬರ ಬಂಡಿ ಹತ್ತು ಹದಿನೈದು ವರ್ಷ ದುಡಿಯುವುದು. ಇನ್ನೊಬ್ಬರದು ಮೂರೇ ವರ್ಷಕ್ಕೆ ಮೂಲೆ ಸೇರುವುದು. ಇದಕ್ಕೆ ಕಾರಣವು ಹೆಚ್ಚಾಗಿ ಯಂತ್ರದಲ್ಲಿಲ್ಲ, ಆರೈಕೆಯಲ್ಲಿದೆ. ನಾಟಿಯ ದಿನ ಆಳುಗಳು ಗದ್ದೆಯಲ್ಲಿ ಕಾದಿರುವಾಗ ಬಂಡಿ ದಾರಿಯಲ್ಲಿ ನಿಂತರೆ ಆಗುವ ನಷ್ಟವು ರಿಪೇರಿಯ ಖರ್ಚಿಗಿಂತ ದೊಡ್ಡದು.

ಬಂಡಿ ಬೆಳೆದು ಬಂದ ದಾರಿ

ನಮ್ಮ ದೇಶದಲ್ಲಿ ಮೊಪೆಡನ್ನು ಮನೆಮಾತಾಗಿಸಿದ್ದು 1972ರಲ್ಲಿ ಬಂದ ಕೈನೆಟಿಕ್ ಕಂಪನಿಯ ಲೂನಾ. 1980ರಲ್ಲಿ ಹೊಸೂರಿನ ಕಾರಖಾನೆಯಿಂದ ಇಬ್ಬರು ಕೂಡುವ ಟಿವಿಎಸ್ 50 ಬಂದಿತು. ಆ ವಂಶದ ಎಕ್ಸ್‌ಎಲ್ ಬಂಡಿಗಳು ಹಳ್ಳಿಗಳಲ್ಲಿ ನೆಲೆಯೂರಿದವು. 2015ರಲ್ಲಿ ಬಂದ ಎಕ್ಸ್‌ಎಲ್ 100ರಲ್ಲಿ ಎಂಜಿನ್ನೇ ಬದಲಾಯಿತು. ಹಿಂದಿನವು ಎರಡು ಹೊಡೆತದವು, ಅಂದರೆ ಟೂ ಸ್ಟ್ರೋಕ್. ಇದು ನಾಲ್ಕು ಹೊಡೆತದ್ದು, ಅಂದರೆ ಫೋರ್ ಸ್ಟ್ರೋಕ್. ಈ ಭೇದವನ್ನು ಅರಿಯದೆ ಎಂಜಿನ್ ಕೆಡಿಸಿಕೊಂಡವರು ಹಲವರು.

ಎಣ್ಣೆಯ ವಿಚಾರ

ಹಳೆಯ ಎಂಜಿನ್ನಿಗೆ ಎಣ್ಣೆಯು ಪೆಟ್ರೋಲಿನೊಂದಿಗೇ ಹೋಗಬೇಕು. ವಾಡಿಕೆಯ ಅಳತೆ ಲೀಟರಿಗೆ 20 ಮಿ.ಲೀ. ಟೂ-ಟಿ ಎಣ್ಣೆ. ಇದನ್ನು ಮರೆತರೆ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುವುದು. ಹೆಚ್ಚಾಗಿ ಸುರಿದರೆ ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟಿ ಎಳೆತ ಕುಗ್ಗುವುದು.

ಹೊಸ ಎಂಜಿನ್ನಿನ ಪೆಟ್ರೋಲಿಗೆ ಎಣ್ಣೆ ಬೆರೆಸಲೇಬಾರದು. ಆದರೆ ‘ಈ ಬಂಡಿಗೆ ಎಣ್ಣೆಯೇ ಬೇಡ’ ಎಂದು ತಿಳಿಯುವುದು ದೊಡ್ಡ ತಪ್ಪು. ಇದರ ಎಣ್ಣೆ ಎಂಜಿನ್ನಿನ ಅಡಿಯಲ್ಲಿ ಬೇರೆಯಾಗಿ ಇರುತ್ತದೆ. ದಿನ ಕಳೆದಂತೆ ಕಪ್ಪಾಗಿ, ಕಡಿಮೆಯಾಗಿ, ಸತ್ವಗುಂದುತ್ತದೆ. ಬಂಡಿಯನ್ನು ನೆಟ್ಟಗೆ ನಿಲ್ಲಿಸಿ ವಾರಕ್ಕೊಮ್ಮೆ ಮಟ್ಟ ನೋಡತಕ್ಕದ್ದು. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಿಸತಕ್ಕದ್ದು. ಎತ್ತಿಗೆ ನೀರು ಕುಡಿಸುವುದನ್ನು ಮರೆಯದ ನಾವು ಇದನ್ನೂ ಮರೆಯಬಾರದು.

ಹೊರೆಯ ಮಿತಿ

ಎಕ್ಸ್‌ಎಲ್ 100 ಹೊರಬಹುದಾದ ಭಾರ 130 ಕಿಲೋ. ಸವಾರನ ತೂಕವೂ ಇದರಲ್ಲಿ ಸೇರಿದೆ. 65 ಕಿಲೋ ತೂಗುವ ರೈತ 45 ಕಿಲೋದ ಒಂದು ಯೂರಿಯಾ ಚೀಲ ಇಟ್ಟರೆ 110 ಕಿಲೋ ಆಯಿತು. ಎರಡು ಚೀಲ ಇಟ್ಟರೆ 155, ಮಿತಿ ಮೀರಿತು. ಎರಡು ಸಲ ಹೋಗಿ ಬರುವ ಪೆಟ್ರೋಲಿನ ಖರ್ಚು ಅಲ್ಪ. ಚಕ್ರದ ಕಡ್ಡಿ, ಬೇರಿಂಗು, ಕ್ಲಚ್ಚು ಹಾಳಾದರೆ ಖರ್ಚು ಬಹಳ. ಭಾರವೆಲ್ಲ ಹಿಂದಕ್ಕೆ ಬಿದ್ದರೆ ಮುಂದಿನ ಗಾಲಿ ಹಗುರಾಗಿ ಹಿಡಿಕೆ ಮಾತು ಕೇಳದು. ಆದುದರಿಂದ ಭಾರವನ್ನು ಆದಷ್ಟು ತಗ್ಗಿನಲ್ಲಿ, ಕಾಲಿಡುವ ಜಾಗದಲ್ಲಿ, ಬ್ರೇಕಿಗೆ ತೊಡಕಾಗದಂತೆ ಇಡಿರಿ.

ಈ ಬಂಡಿಗೆ ಗೇರು ಬದಲಿಸುವ ಕೆಲಸವಿಲ್ಲ. ಎಂಜಿನ್ ವೇಗವಾಗಿ ತಿರುಗಿದಾಗ ಕ್ಲಚ್ಚಿನ ಹಲಗೆಗಳು ಹೊರಚಾಚಿ ತಾವೇ ಹಿಡಿಯುವುವು. ಕಾಲುವೆಯ ಏರಿಯ ಮೇಲೆ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಬಲದಿಂದಲೇ ಬಂಡಿಯನ್ನು ನಿಲ್ಲಿಸಿಕೊಂಡಿದ್ದರೆ ಅವು ಸವೆದು ಸುಡುವುವು.

ನೀರು ಮತ್ತು ರಾಡಿ

ಗದ್ದೆಯಿಂದ ಬಂದ ಮೇಲೆ ಚೈನಿನ ರಾಡಿಯನ್ನು ಬಟ್ಟೆಯಿಂದ ಒರೆಸಿ ಎಣ್ಣೆ ಬಿಡಿರಿ. ಬ್ರೇಕು ತೊಯ್ದಿದ್ದರೆ ನಿಧಾನವಾಗಿ ಸಾಗುತ್ತ ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿರಿ. ನೀರಿನಲ್ಲಿ ಎಂಜಿನ್ ನಿಂತರೆ ಕಿಕ್ಕು ಹೊಡೆಯಬೇಡಿರಿ. ಮೊದಲು ತಳ್ಳಿ ಹೊರತಂದು, ಗಾಳಿಯ ಸೋಸುಕ ಮತ್ತು ಪ್ಲಗ್ ಪರೀಕ್ಷಿಸಿರಿ. ಇಂದಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ; ಅದು ನೀರನ್ನು ಹೀರುವ ಗುಣವುಳ್ಳದ್ದು. ಟ್ಯಾಂಕಿನ ಮುಚ್ಚಳ ಭದ್ರವಾಗಿರಲಿ. ಪೆಟ್ರೋಲ್ ತುಂಬಿ ತಿಂಗಳುಗಟ್ಟಲೆ ನಿಲ್ಲಿಸಬೇಡಿರಿ. ಹಳೆಯ ಬಂಡಿಯ ರಬ್ಬರ್ ಕೊಳವೆ ಬಿರಿದಿದೆಯೇ ಎಂದು ಆಗಾಗ್ಗೆ ನೋಡಿರಿ.

ಎಳೆತ ಕಡಿಮೆಯಾದರೆ ಮೊದಲು ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕು, ಬಿಗಿದ ಚೈನು ನೋಡಿರಿ. ಇವನ್ನು ಬಿಟ್ಟು ಎಂಜಿನ್ ಬಿಚ್ಚಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾದೀತು.

ಕಾಗದಪತ್ರ ಮತ್ತು ತಲೆಯ ರಕ್ಷಣೆ

ನೋಂದಣಿಯು 15 ವರ್ಷ ನಡೆಯುವುದು. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಹಳೆಯ ಬಂಡಿ ಕೊಂಡವರು ಕೂಡಲೇ ಹೆಸರು ವರ್ಗಾಯಿಸಿಕೊಳ್ಳಿರಿ. ವಿಮೆ ತಪ್ಪಿದರೆ ಒಂದು ಅಪಘಾತದ ಪರಿಹಾರಕ್ಕೆ ಹೊಲವೇ ಮಾರುವ ಸ್ಥಿತಿ ಬರಬಹುದು. 50 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿಗೆ 18 ವರ್ಷ ತುಂಬಿರಬೇಕು. ‘ಗೇರಿಲ್ಲದ ಬಂಡಿಯಲ್ಲವೇ’ ಎಂದು ಶಾಲೆಯ ಹುಡುಗನ ಕೈಗೆ ಕೊಡಬೇಡಿರಿ. ಗದ್ದೆ ಹತ್ತಿರವೆಂದು ಹೆಲ್ಮೆಟ್ಟನ್ನು ಗೂಟಕ್ಕೆ ತೂಗುಹಾಕಿ ಹೊರಡಬೇಡಿರಿ.

ಮೊಪೆಡಿನಲ್ಲಿ ಭಾಗಗಳು ಕಡಿಮೆ, ಆದುದರಿಂದ ಅದು ಬೇಡುವುದೂ ಕಡಿಮೆ. ಆ ಕಡಿಮೆಯನ್ನು ತಪ್ಪದೆ ಸಲ್ಲಿಸಿದರೆ ಅದು ಮನೆಯ ಎತ್ತಿನಂತೆ ಬಹುಕಾಲ ದುಡಿಯುವುದು. ಇಂದು ಸಂಜೆ ಬಂಡಿ ನಿಲ್ಲಿಸಿದೊಡನೆ ಎಣ್ಣೆಯ ಮಟ್ಟ ನೋಡುವುದರಿಂದಲೇ ಆರಂಭಿಸಿರಿ.