ಊಟ ತನ್ನಿಚ್ಛೆ, ಉಡುಪು ಯಂತ್ರದಿಚ್ಛೆ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಹೇಳುತ್ತಾರೆ. ಮದುವೆ ಮನೆಗೋ ದೇವಸ್ಥಾನಕ್ಕೋ ಹೋಗುವಾಗ ಈ ಮಾತು ಸರಿ. ಆದರೆ ಐ.ಟಿ.ಐ. ಮುಗಿಸಿ ಗೋವೆಗೆ ಕೆಲಸಕ್ಕೆ ಹೊರಟ ನಮ್ಮ ಹುಡುಗನ ಪಾಲಿಗೆ ಈ ‘ಪರರು’ ಯಾರು? ಮೇಲಧಿಕಾರಿಗಳೆಂದು ಮನೆಯವರು ಭಾವಿಸುತ್ತಾರೆ. ನಿಜವಾಗಿ ಅದು ಅವನ ಮುಂದೆ ನಿಂತಿರುವ ಯಂತ್ರ.

ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿಯಾದ ಮೇಲೆ ಗೋವೆ ನಮಗೆ ದೂರದ ಊರಾಗಿ ಉಳಿದಿಲ್ಲ. ಕಾಸರಗೋಡಿನಲ್ಲಿ ರೈಲು ಹತ್ತಿದವನು ಮಡಗಾಂವಿನಲ್ಲಿ ಇಳಿಯಬಹುದು. ಅಲ್ಲಿಂದ ವಾಸ್ಕೋ ಕಡೆಗೆ ಹೊರಟರೆ ವೆರ್ಣಾ ಕೈಗಾರಿಕಾ ವಸಾಹತು, ಮುಂದೆ ಜುವಾರಿನಗರ, ಮರ್ಮಗೋವಾ ಬಂದರು, ಪೋರ್ಚುಗೀಸರ ಕಾಲದಲ್ಲಿ 1957ರಲ್ಲಿ ಆರಂಭವಾದ ಗೋವಾ ಶಿಪ್‌ಯಾರ್ಡ್. ವಾಸ್ಕೋದ ಬೀದಿಗಳಲ್ಲಿ ಕನ್ನಡವೂ ಕೇಳಿಸುತ್ತದೆ. ಉತ್ತರ ಕರ್ನಾಟಕದ ಅನೇಕ ಕುಟುಂಬಗಳು ದುಡಿಮೆಗಾಗಿ ಬಂದು ಅಲ್ಲಿ ನೆಲೆಸಿವೆ.

ಹೊರಡುವ ಮುನ್ನ ಮನೆಯಲ್ಲಿ ಸಂಭ್ರಮದ ತಯಾರಿ. ಅಪ್ಪ ಹೊಳೆಯುವ ಪಾಲಿಯೆಸ್ಟರ್ ಪ್ಯಾಂಟು-ಶರಟು ಕೊಡಿಸುತ್ತಾರೆ. ಅಮ್ಮ ಕೊರಳಿಗೆ ಸರ, ಬೆರಳಿಗೆ ಉಂಗುರ, ಕೈಗೆ ದೇವರ ನೂಲು ಹಾಕುತ್ತಾರೆ. ಈ ಪ್ರೀತಿಯಲ್ಲಿ ತಪ್ಪಿಲ್ಲ; ಸಂದರ್ಶನದ ದಿನಕ್ಕೆ ಆ ಉಡುಪು ಚೆಂದವೇ. ಆದರೆ ವರ್ಕ್‌ಶಾಪಿನ ಬಾಗಿಲು ದಾಟಿದೊಡನೆ ಇವುಗಳೆಲ್ಲ ಅಪಾಯದ ವಸ್ತುಗಳಾಗುತ್ತವೆ.

ವೆಲ್ಡಿಂಗ್ ಕೆಲಸವನ್ನೇ ನೋಡೋಣ. ಹಡಗು ಕಟ್ಟುವಲ್ಲಿ ಅದಿಲ್ಲದೆ ಒಂದು ತಗಡೂ ಕೂಡದು. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ವೆಲ್ಡಿಂಗಿನ ಕಿಡಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಕರಗಿದ ಬಟ್ಟೆ ಚರ್ಮಕ್ಕೆ ಅಂಟಿಕೊಂಡರೆ ಗಾಯ ಆಳವಾಗುತ್ತದೆ. ಹತ್ತಿಯೂ ಸುಡುತ್ತದೆ, ಆದರೆ ಕರಗಿ ಮೈಗೆ ಅಂಟುವುದಿಲ್ಲ. ಆದುದರಿಂದ ದಪ್ಪ ಹತ್ತಿಯ ಬಟ್ಟೆ, ಅದರ ಮೇಲೆ ಚರ್ಮದ ಏಪ್ರನ್. ಪ್ಯಾಂಟಿನ ಕಾಲನ್ನು ಮೇಲಕ್ಕೆ ಮಡಚಬಾರದು, ಕಿಡಿ ಅಲ್ಲೇ ಕೂರುತ್ತದೆ.

ಮಳೆಗಾಲದಲ್ಲಿ ಹತ್ತಿ ಬಟ್ಟೆ ಬೇಗ ಒಣಗದು ಎಂಬ ಮಾತು ನಿಜ. ಗೋವೆಯ ಮಳೆಯೂ ನಮ್ಮ ಮಳೆಯಂಥದೇ. ಅದಕ್ಕೆ ಮೂರು ಜೊತೆ ಬಟ್ಟೆ ಇಟ್ಟುಕೊಳ್ಳಬೇಕು. ಒದ್ದೆ ಬಟ್ಟೆಯಲ್ಲಿ ವೆಲ್ಡಿಂಗಿಗೆ ಕುಳಿತರೆ ವಿದ್ಯುತ್ ಆಘಾತದ ಭಯವಿದೆ.

ಲೇತ್ ಯಂತ್ರದ ಬಳಿ ನಿಯಮ ಬೇರೆ. ಅಲ್ಲಿ ಸಡಿಲ ತೋಳು, ಸರ, ಕೈಯ ನೂಲು ಯಾವುದೂ ಸಲ್ಲದು. ಕೈಗವಸು ಕೂಡ ಸಲ್ಲದು! ವೆಲ್ಡಿಂಗಿನಲ್ಲಿ ಕೈ ಕಾಯುವ ಗವಸು ಇಲ್ಲಿ ತಿರುಗುವ ಭಾಗಕ್ಕೆ ಸಿಕ್ಕಿ ಕೈಯನ್ನೇ ಎಳೆದೊಯ್ಯುತ್ತದೆ. ಚಲಿಸುತ್ತಿರುವ ಯಂತ್ರದ ಪರೀಕ್ಷೆ ಮಾಡುವವನು, ಎಣ್ಣೆ ಹಾಕುವವನು ಮೈಗೆ ಹೊಂದಿದ ಬಿಗಿ ಉಡುಪು ತೊಟ್ಟಿರಬೇಕು, ಅದನ್ನು ಕಾರ್ಖಾನೆಯವರೇ ಒದಗಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 22ನೆಯ ಸೆಕ್ಷನ್ನಿನಲ್ಲೇ ಬರೆದಿತ್ತು. ಈಗ ಆ ಕಾಯ್ದೆಯ ಸ್ಥಾನಕ್ಕೆ 2020ರ ಹೊಸ ಸಂಹಿತೆ ಬಂದಿದೆ. ಕಾಯ್ದೆಯ ಹೆಸರು ಬದಲಾದರೂ ಯಂತ್ರದ ಸ್ವಭಾವ ಬದಲಾಗದು.

ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿ ರಕ್ಷಣೆ ಬೇಕಾದುದು ವಸ್ತುವಿಗೆ. ಬಟ್ಟೆಯ ಉಜ್ಜಾಟದಿಂದ ಹುಟ್ಟುವ ವಿದ್ಯುತ್ತು ಸುಮಾರು 3000 ವೋಲ್ಟಿಗೆ ಏರುವವರೆಗೂ ನಮಗೆ ಅದರ ಅರಿವಾಗದು. 100 ವೋಲ್ಟಿಗಿಂತ ಕಡಿಮೆಯಲ್ಲೇ ಕೆಟ್ಟುಹೋಗುವ ಬಿಡಿಭಾಗಗಳಿವೆ. ಅದಕ್ಕಾಗಿಯೇ ಅಲ್ಲಿ ವಿಶೇಷ ಕೋಟು, ಮಣಿಕಟ್ಟಿಗೆ ಭೂಮಿಗೆ ಜೋಡಿಸಿದ ಪಟ್ಟಿ. ಔಷಧ ಕಾರ್ಖಾನೆಯಲ್ಲಾದರೆ ತಲೆಗೂದಲು ಮುಚ್ಚುವ ಟೊಪ್ಪಿ. ಬಳೆ, ಉಂಗುರಗಳಿಗೆ ಪ್ರವೇಶವಿಲ್ಲ. ಇಂದು ನಮ್ಮ ಹೆಣ್ಣುಮಕ್ಕಳೂ ಇಂಥ ಕೆಲಸಗಳಿಗೆ ಹೋಗುತ್ತಿದ್ದಾರೆ. ಬಳೆ ತೆಗೆದಿಟ್ಟಳೆಂದು ಮನೆಯ ಹಿರಿಯರು ನೊಂದುಕೊಳ್ಳಬೇಕಾಗಿಲ್ಲ.

ಇನ್ನೊಂದು ಮಾತು ಮುಖ್ಯ. ಗುತ್ತಿಗೆದಾರರ ಕೈಕೆಳಗೆ ಸೇರುವ ಹುಡುಗರು ಹೊಸ ಊರು, ಹೊಸ ಭಾಷೆ ಎಂಬ ಸಂಕೋಚದಲ್ಲಿ ಬೂಟು, ಹೆಲ್ಮೆಟ್ ಕೇಳುವುದಿಲ್ಲ. ಹವಾಯಿ ಚಪ್ಪಲಿಯಲ್ಲೇ ಕೆಲಸಕ್ಕೆ ಇಳಿಯುತ್ತಾರೆ. ಮನೆಯಲ್ಲಿ ಕನ್ನಡ, ತುಳು, ಬೀದಿಯಲ್ಲಿ ಮಲಯಾಳ ಆಡಿ ಬೆಳೆದ ನಮ್ಮ ಮಕ್ಕಳಿಗೆ ಕೊಂಕಣಿ, ಹಿಂದಿ ಕಲಿಯುವುದು ಕಷ್ಟವಲ್ಲ. ಕೇಳುವ ಧೈರ್ಯವನ್ನು ಮಾತ್ರ ಮನೆಯಿಂದಲೇ ಕಟ್ಟಿಕೊಡಬೇಕು. ಮೊದಲ ದಿನವೇ ‘ನನಗೆ ಬೂಟು ಯಾರು ಕೊಡುತ್ತಾರೆ?’ ಎಂದು ಕೇಳಲಿ. ಸ್ವಂತಕ್ಕೆ ಕೊಳ್ಳಬೇಕಾಗಿ ಬಂದರೆ ಐ.ಎಸ್.ಐ. ಗುರುತು ನೋಡಿ ಕೊಳ್ಳಲಿ.

ಆದುದರಿಂದ ಮಗನನ್ನು ರೈಲು ಹತ್ತಿಸುವ ಮನೆಯವರಲ್ಲಿ ಒಂದು ವಿನಂತಿ. ಹೊಳೆಯುವ ಪ್ಯಾಂಟಿನ ದುಡ್ಡಿನಲ್ಲಿ ಒಂದು ಜೊತೆ ಗಟ್ಟಿ ಬೂಟು ಕೊಡಿಸಿ. ಉಂಗುರವನ್ನು ಮನೆಯ ಪೆಟ್ಟಿಗೆಯಲ್ಲೇ ಇಡಿ. ಓಣಂಗೋ ದೀಪಾವಳಿಗೋ ಅವನು ಬಂದಾಗ ಅದೇ ಬೆರಳಿಗೆ ತೊಡಿಸಿದರಾಯಿತು. ಬೆರಳು ಇರಬೇಕಾದುದು ಮುಖ್ಯ.