ಬೇಲಿ ಹಾಕಿಸುವ ಮುನ್ನ: ಅಳತೆ, ಕೂಲಿ, ಗರಗಸ ಮತ್ತು ನಿಮ್ಮ ಹಸು



ಪಾಂಡವಪುರ ಕಡೆಯ ಒಂದು ಊರಿನಿಂದ ಕರೆ ಬಂದಿತ್ತು. ದಿನಕ್ಕೆ 12 ಲೀಟರ್ ಕೊಡುತ್ತಿದ್ದ ಮಿಶ್ರತಳಿ ಹಸು ಮೂರು ದಿನದಿಂದ ಮೇವು ಮುಟ್ಟಿಲ್ಲ, ಹಾಲು 2 ಲೀಟರಿಗೆ ಇಳಿದಿದೆ ಎಂದರು. ಹೋಗಿ ನೋಡಿದರೆ ಹಸು ಬೆನ್ನು ಬಾಗಿಸಿ, ಮುಂಗಾಲುಗಳನ್ನು ಅಗಲಿಸಿ ನಿಂತಿತ್ತು. ಏಳುವಾಗ ನರಳುತ್ತಿತ್ತು. ಗಂಗೆದೊಗಲಿನಲ್ಲಿ ಊತ ಬಂದಿತ್ತು.

"ಈಚೆಗೆ ಏನಾದ್ರೂ ಕೆಲಸ ಮಾಡಿಸಿದ್ರಾ ಅಕ್ಕ?" ಎಂದು ಕೇಳಿದೆ.

"ಹೋದ ತಿಂಗಳು ಸೀಮೆಹುಲ್ಲಿನ ತಾಕಿಗೆ ಬೇಲಿ ಹಾಕಿಸ್ದೆ ಡಾಕ್ಟ್ರೇ."

ಕತ್ತರಿಸಿ ಬಿಟ್ಟ ತಂತಿಯ ತುಂಡು ಹುಲ್ಲಿನ ಜೊತೆ ಹೊಟ್ಟೆ ಸೇರಿತ್ತು. ಹಸು ನಮ್ಮಂತೆ ಅಗಿದು, ಆರಿಸಿ ತಿನ್ನುವುದಿಲ್ಲ. ಗಬಗಬನೆ ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ನುಂಗಿದ ಕಬ್ಬಿಣ ಜೇನುಗೂಡಿನಂತಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಮುಂದೆಯೇ ಹೃದಯ. ತಂತಿ ಅಲ್ಲಿಗೆ ಚುಚ್ಚಿ ಗಂಗೆದೊಗಲು ಊದಿಕೊಂಡ ಮೇಲೆ ಹಸುವನ್ನು ಉಳಿಸುವುದು ಬಹಳ ಕಷ್ಟ. ಆ ಹಸು ಉಳಿಯಲಿಲ್ಲ.

ಬೇಲಿ ಬೇಡ ಎನ್ನುತ್ತಿಲ್ಲ. ಹಂದಿ, ಬೀಡಾಡಿ ದನಗಳಿಂದ ಮೇವು ಉಳಿಯಬೇಕಾದರೆ ಬೇಲಿ ಬೇಕು. ಆದರೆ ಬೇಲಿಯ ಲೆಕ್ಕದಲ್ಲಿ ಹಸುವನ್ನೂ ಸೇರಿಸಿಕೊಳ್ಳಿ.

ಮೊದಲು ಅಳತೆ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಹತ್ತು ಗುಂಟೆ ತಾಕು ಚೌಕವಾಗಿದ್ದರೆ ಸುತ್ತಳತೆ ಸುಮಾರು 417 ಅಡಿ. ಅದೇ ಹತ್ತು ಗುಂಟೆ 33 ಅಡಿ ಅಗಲ, 330 ಅಡಿ ಉದ್ದದ ಪಟ್ಟಿಯಾಗಿದ್ದರೆ ಸುತ್ತಳತೆ 726 ಅಡಿ. ಎಂಟು ಅಡಿಗೊಂದು ಕಲ್ಲುಕಂಬ ನೆಟ್ಟರೆ ಮೊದಲನೆಯದಕ್ಕೆ ಸುಮಾರು 53 ಕಂಬ, ಎರಡನೆಯದಕ್ಕೆ 91. ಆದ್ದರಿಂದ "ಗುಂಟೆಗೆ ಇಷ್ಟು" ಎಂದು ಯಾರಾದರೂ ದರ ಹೇಳಿದರೆ ಒಪ್ಪಬೇಡಿ. ಮೇಸ್ತ್ರಿ ಬರುವ ಮೊದಲೇ ಟೇಪು ಹಿಡಿದು ಸುತ್ತಳತೆ ಬರೆದಿಟ್ಟುಕೊಳ್ಳಿ.

ಕೂಲಿ ಮಾತಾಡುವಾಗ

ಕಂಬಕ್ಕೆ ಇಷ್ಟು ಅಥವಾ ಅಡಿಗೆ ಇಷ್ಟು ಎಂದು ಮಾತಾಡಿ. ಆ ದರದಲ್ಲಿ ಏನೇನು ಸೇರಿದೆ ಎಂದು ಕೇಳಿ: ಗುಂಡಿ ತೆಗೆಯುವುದು, ಕಂಬ ಸಾಗಿಸುವುದು, ಮೂಲೆಗಳಿಗೆ ಆಸರೆ ಕಂಬ ಕೊಡುವುದು, ತಂತಿ ಬಿಗಿಯುವುದು, ಗೇಟು ಕೂರಿಸುವುದು, ಕೊನೆಗೆ ತುಂಡುಗಳನ್ನು ಆರಿಸುವುದು. ಇಬ್ಬರು ಮೇಸ್ತ್ರಿಗಳಿಂದ ಇದೇ ಪಟ್ಟಿಗೆ ದರ ಕೇಳಿದರೆ ಹೋಲಿಸಲು ಸುಲಭ.

ಪಕ್ಕದ ತಾಲ್ಲೂಕಿನ ದರ ನಿಮ್ಮೂರಿಗೆ ಹೊಂದದಿರಬಹುದು. ನಾಗಮಂಗಲದ ಗಟ್ಟಿ ನೆಲದಲ್ಲಿ ಗುಂಡಿ ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಗುಂಡಿ ಬೇಗ ಆಗುತ್ತದೆ, ಆದರೆ ನೀರು ನಿಲ್ಲುವ ಮಣ್ಣಿನಲ್ಲಿ ಕಂಬ ವಾಲುತ್ತದೆ. ಅಲ್ಲಿ ಎರಡು ಅಡಿ ಆಳ, ಮೂಲೆ ಕಂಬಗಳಿಗೆ ಕಾಂಕ್ರೀಟು ಬೇಕೇ ಬೇಕು.

ಹಣವನ್ನು ಮೂರು ಕಂತಿನಲ್ಲಿ ಕೊಡಿ: ಸಾಮಾನು ಬಂದಾಗ, ಕಂಬ ನೆಟ್ಟಾಗ, ಕೆಲಸ ಮುಗಿದು ನೀವು ಸುತ್ತು ಹಾಕಿ ನೋಡಿದ ಮೇಲೆ. ಹಾಲಿನ ಬಟವಾಡೆಯ ದುಡ್ಡು ನಿಮ್ಮದು, ಲೆಕ್ಕದ ಚೀಟಿಯೂ ನಿಮ್ಮ ಕೈಯಲ್ಲೇ ಇರಲಿ. ಆಳುಗಳಿಗೆ ಊಟ ನಿಮ್ಮ ಮನೆಯದಾದರೆ ಅದನ್ನೂ ಖರ್ಚಿಗೆ ಬರೆಯಿರಿ. ಮುದ್ದೆ, ಸಾರು ಮಾಡಿದ ನಿಮ್ಮ ಕೆಲಸ ಬಿಟ್ಟಿ ಅಲ್ಲ.

ಯಾವ ತಂತಿ?

ತಂತಿಯನ್ನು ತೂಕದ ಮೇಲೆ ಮಾರುತ್ತಾರೆ. ಗೇಜು ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. 12 ಗೇಜು 14ಕ್ಕಿಂತ ದಪ್ಪ. ಹಾಗಾಗಿ ಕಿಲೋ ದರದ ಜೊತೆಗೆ ಕಿಲೋಗೆ ಎಷ್ಟು ಅಡಿ ಬರುತ್ತದೆ ಎಂದೂ ಕೇಳಿ.

ಹಸು ಓಡಾಡುವ ದಾರಿಯ ಕಡೆ, ಕೆಚ್ಚಲಿನ ಎತ್ತರದಲ್ಲಿ ಮುಳ್ಳುತಂತಿ ಬೇಡ. ಅಲ್ಲಿ ಮುಳ್ಳಿಲ್ಲದ ಜಿ.ಐ. ತಂತಿ ಎಳೆಸಿ. ಮುಳ್ಳುತಂತಿಗೆ ಸಿಕ್ಕಿ ಮೊಲೆ ಹರಿದರೆ ಆ ಮೊಲೆಯ ಹಾಲು ಮತ್ತೆ ಬರದೇ ಹೋಗಬಹುದು. ಮುಳ್ಳುತಂತಿ ಚಿರತೆಯನ್ನೂ ತಡೆಯುವುದಿಲ್ಲ. ರಾತ್ರಿ ಕರುಗಳನ್ನು ಬಾಗಿಲು ಭದ್ರವಿರುವ ಕೊಟ್ಟಿಗೆಯಲ್ಲೇ ಕಟ್ಟಿ.

ಮನೆ ಅಥವಾ ಪಂಪ್‌ಸೆಟ್ ಕರೆಂಟನ್ನು ಬೇಲಿಗೆ ಕೊಡಲೇಬೇಡಿ. ಅದು ಅಪರಾಧ. ಹಂದಿಗೆಂದು ಕೊಟ್ಟ ಕರೆಂಟು ನಿಮ್ಮ ಮಗುವನ್ನೋ ಹಸುವನ್ನೋ ಬಲಿ ತೆಗೆದುಕೊಳ್ಳುತ್ತದೆ.

ಗಿಡದ ಬೇಲಿ, ಗರಗಸ

ಖರ್ಚು ಕಡಿಮೆ ಮಾಡಲು ಕಲ್ಲುಕಂಬಗಳ ನಡುವೆ ಗ್ಲಿರಿಸಿಡಿಯಾ ಗೂಟ, ಅಗಸೆ, ಸುಬಾಬುಲ್ ಹಾಕಿ. ಬೇಲಿಯೂ ಆಯಿತು, ಸೊಪ್ಪೂ ಸಿಕ್ಕಿತು. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರದಿರಲಿ. ಹೆಚ್ಚಾದರೆ ಕೂದಲು ಉದುರುತ್ತದೆ. ಕಣಗಿಲೆ, ಲಂಟಾನ ಬೇಲಿಯಲ್ಲಿ ಬೇಡ. ಎರಡೂ ದನಗಳಿಗೆ ವಿಷ.

ಈ ಗಿಡಗಳ ರೆಂಬೆ ಸವರಲು ಮಚ್ಚು, ಕೈಗರಗಸ ಸಾಕು. ಗಿಡ ತೊಡೆಗಾತ್ರವಾದಾಗ ಮಾತ್ರ ಚೈನ್ ಸಾ ಮಾತು. ವರ್ಷಕ್ಕೆ ಒಂದೆರಡು ದಿನದ ಕೆಲಸಕ್ಕೆ ಬಾಡಿಗೆಗೆ ತನ್ನಿ, ಇಲ್ಲವೇ ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಳ್ಳಿ. ಕೊಳ್ಳುವುದಾದರೆ ಅಲಗು 12ರಿಂದ 16 ಇಂಚು ಸಾಕು. 22 ಇಂಚಿನದು ಅಗ್ಗಕ್ಕೆ ಸಿಕ್ಕರೂ ಭಾರ. ಕೈ ಸೋತಾಗಲೇ ಅಪಾಯ. ಚೈನನ್ನು ತಕ್ಷಣ ನಿಲ್ಲಿಸುವ ಬ್ರೇಕ್ ಇರಲಿ. ಬಿಡಿಭಾಗ, ರಿಪೇರಿ ಹತ್ತಿರದ ಪೇಟೆಯಲ್ಲೇ ಸಿಗಬೇಕು.

ಅಲಗಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಯಂತ್ರ ಮುಖಕ್ಕೆ ಎಗರುತ್ತದೆ. ಭುಜಕ್ಕಿಂತ ಮೇಲೆ ಎತ್ತಿ, ಏಣಿ ಮೇಲೆ ನಿಂತು ಕೊಯ್ಯಬೇಡಿ. ಸೆರಗು, ಜಡೆ ಬಿಗಿಯಾಗಿ ಕಟ್ಟಿಕೊಳ್ಳಿ. ಬೂಟು, ಕನ್ನಡಕ ಇರಲಿ. ಮರದೊಳಗೆ ಹಳೆಯ ಮೊಳೆ, ತಂತಿ ಹುದುಗಿದೆಯೇ ನೋಡಿ. ಆಯಿಲ್ ಸಿಡಿದ ಸೊಪ್ಪನ್ನು ಹಸುವಿಗೆ ಹಾಕಬೇಡಿ.

ಗ್ಲಿರಿಸಿಡಿಯಾ, ಸುಬಾಬುಲ್ ಕಡಿಯಲು ಅನುಮತಿ ಬೇಕಿಲ್ಲ. ತೇಗ, ಹೊನ್ನೆಯಂಥ ಮರಗಳನ್ನು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟಬೇಡಿ.

ಕೆಲಸ ಮುಗಿದ ದಿನ

ತಂತಿಯನ್ನು ಕತ್ತರಿಸುವ ಜಾಗದಲ್ಲಿ ಗೋಣಿಚೀಲ ಹಾಸಿಸಿ. ತುಂಡುಗಳೆಲ್ಲ ಒಂದು ಡಬ್ಬಿಗೆ ಬೀಳಲಿ. ಸಂಜೆ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಬೇಲಿಯುದ್ದಕ್ಕೂ ಆಡಿಸಿ. ಇದಾಗುವವರೆಗೆ ಕೊನೆಯ ಕಂತು ಕೊಡಬೇಡಿ. ಬೇಲಿ ಬದಿಯಿಂದ ಮೊದಲು ಕೊಯ್ದ ಹುಲ್ಲನ್ನು ಕೊಡವಿ ಹಾಕಿ.

ಹಸು ಮೇವು ಬಿಟ್ಟು, ಹಾಲು ಥಟ್ಟನೆ ಇಳಿದು, ಇಳಿಜಾರಿನಲ್ಲಿ ನಡೆಯಲು ಹಿಂಜರಿದರೆ ಅಜೀರ್ಣವೆಂದು ಮನೆಮದ್ದು ಮಾಡುತ್ತಾ ಕೂರಬೇಡಿ. ಬೇಲಿ ಕೆಲಸ ಆಗಿತ್ತೆಂದು ವೈದ್ಯರಿಗೆ ಮೊದಲೇ ಹೇಳಿ. ಬೇಗ ಗೊತ್ತಾದರೆ ಹೊಟ್ಟೆಗೆ ಅಯಸ್ಕಾಂತ ನುಂಗಿಸಿಯೋ, ಶಸ್ತ್ರಚಿಕಿತ್ಸೆ ಮಾಡಿಯೋ ಉಳಿಸಬಹುದು. ಮೊಲೆ ಹರಿದರೆ ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆ ಸುತ್ತಿ ಆಗಲೇ ಕರೆ ಮಾಡಿ. ಸುಣ್ಣ, ಕಾಫಿಪುಡಿ ಹಾಕಬೇಡಿ. ಮೊಲೆತೂತಿಗೆ ಕಡ್ಡಿ ತೂರಿಸಬೇಡಿ. ಸಂಘದ ಕಾರ್ಯದರ್ಶಿಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ಬೇಲಿ ಹಾಕಿಸುವ ದಿನ ಗೊತ್ತಾದ ಕೂಡಲೇ ಒಂದು ಡಬ್ಬಿ, ಒಂದು ಅಯಸ್ಕಾಂತ ತಂದಿಟ್ಟುಕೊಳ್ಳಿ. ಕಂಬ, ತಂತಿಯ ಖರ್ಚಿನ ಮುಂದೆ ಅದು ಏನೂ ಅಲ್ಲ.