'ಅವಾಮ್' ಅಂದರೆ ಯಾರು?

'ಅವರೆಲ್ಲ ಅವಾಮ್, ಅವರಿಗೇನು ಗೊತ್ತು?' ಜಮಾಅತ್ ಮೀಟಿಂಗಿನಲ್ಲಿ, ಮದುವೆ ಮನೆಯಲ್ಲಿ ಈ ಮಾತು ನಮ್ಮ ಕಿವಿಗೆ ಬೀಳುವುದುಂಟು. ಅವಾಮ್ ಅಂದರೆ ಓದಿಲ್ಲದವರು, ತಿಳಿವಳಿಕೆ ಕಡಿಮೆ ಇದ್ದವರು ಎಂಬ ಅರ್ಥ ಆ ಪದಕ್ಕೆ ಅಂಟಿಕೊಂಡಿದೆ. ಆದರೆ ಮೂಲದಲ್ಲಿ ಅದಕ್ಕೆ ಇಂಥ ಅರ್ಥವೇ ಇಲ್ಲ.

'ಅವಾಮ್' ಅರಬಿ ಪದ, 'ಆಮ್ಮ' ಎಂಬುದರ ಬಹುವಚನ. ಐನ್, ಮೀಮ್, ಮೀಮ್ ಇದರ ಮೂಲಾಕ್ಷರಗಳು. 'ಎಲ್ಲರನ್ನೂ ಒಳಗೊಳ್ಳುವುದು, ಆವರಿಸುವುದು' ಎಂದು ಇದರರ್ಥ. ಮಳೆ ಊರಿಗೆಲ್ಲ ಸುರಿಯಿತು ಎನ್ನಲು ಅರಬಿಯಲ್ಲಿ ಇದೇ ಕ್ರಿಯಾಪದ ಬಳಸುತ್ತಾರೆ. ತಲೆಗೆ ಸುತ್ತುವ 'ಇಮಾಮ', ಅಂದರೆ ಪೇಟ, ಅದಕ್ಕೂ ಇದೇ ಅಕ್ಷರಗಳು. ಮದ್ರಸದ ಮಕ್ಕಳು ಓದುವ 'ಅಮ್ಮ ಜುಝ್'ನ 'ಅಮ್ಮ' ಮಾತ್ರ ಬೇರೆ. ಅದು 'ಅನ್' ಮತ್ತು 'ಮಾ' ಸೇರಿ ಆದ ಪದ. 'ಯಾವುದರ ಬಗ್ಗೆ' ಎಂದು ಅದರರ್ಥ.

ಉಸೂಲುಲ್ ಫಿಖ್‌ಹ್‌ನಲ್ಲಿ 'ಆಮ್' ಎಂದರೆ ತನ್ನ ವ್ಯಾಪ್ತಿಗೆ ಬರುವ ಎಲ್ಲವನ್ನೂ ಒಳಗೊಳ್ಳುವ ಪದ. ನಿರ್ದಿಷ್ಟವಾದದ್ದು 'ಖಾಸ್'. ಈ ಜೋಡಿ ಪಾರ್ಸಿಗೂ ಉರ್ದುವಿಗೂ ಬಂತು. ದಿಲ್ಲಿಯ ಕೆಂಪು ಕೋಟೆಯಲ್ಲಿ ಜನರ ಅಹವಾಲು ಕೇಳುವ ದಿವಾನ್-ಎ-ಆಮ್ ಇದೆ, ಆಯ್ದ ಕೆಲವರಿಗೆ ದಿವಾನ್-ಎ-ಖಾಸ್. ನಾವು ದಿನಾ ಹತ್ತುವ 'ಖಾಸಗಿ' ಬಸ್ಸಿನ ಹೆಸರಲ್ಲೂ ಅದೇ ಖಾಸ್ ಕೂತಿದೆ.

ಸಹೀಹ್ ಮುಸ್ಲಿಮ್‌ನಲ್ಲಿ ತಮೀಮುದ್ದಾರಿ(ರ) ವರದಿ ಮಾಡಿದ ಒಂದು ಹದೀಸ್ ಇದೆ. ಇಮಾಮ್ ನವವಿಯವರ '40 ಹದೀಸ್' ಎಂಬ ಹೆಸರಿನ ಸಂಗ್ರಹದಲ್ಲಿ ಅದು ಏಳನೆಯದು. ಧರ್ಮವೆಂದರೆ ಹಿತಚಿಂತನೆ ಎಂದ ಪ್ರವಾದಿ(ಸ)ಯವರು, ಅದು ಯಾರಿಗೆಲ್ಲ ಸಲ್ಲಬೇಕು ಎನ್ನುವಾಗ ಮುಸ್ಲಿಮರ ನಾಯಕರನ್ನು ಹೇಳಿ, ಅದೇ ಉಸಿರಿನಲ್ಲಿ ಅವರ 'ಆಮ್ಮ'ವನ್ನೂ ಹೇಳಿದರು. ಅಲ್ಲಿ ಜನಸಾಮಾನ್ಯರು ಬೈಸಿಕೊಳ್ಳುವವರಲ್ಲ, ಹಕ್ಕುದಾರರು.

ಇಮಾಮ್ ಗಝ್ಝಾಲಿ(ರ) ನಿಧನರಾದದ್ದು ಕ್ರಿ.ಶ. 1111ರಲ್ಲಿ. ಅವರ ಕೊನೆಗಾಲದ ಗ್ರಂಥ 'ಇಲ್ಜಾಮುಲ್ ಅವಾಮ್'. ಹೆಸರು ಕೇಳಿದರೆ ಬಡಪಾಯಿ ಜನರ ಬಾಯಿಗೆ ಕಡಿವಾಣ ಹಾಕಲು ಬರೆದದ್ದು ಅಂತ ತೋರುತ್ತದೆ. ಒಳಗೆ ನೋಡಿದರೆ ಕಥೆಯೇ ಬೇರೆ. ಅಲ್ಲಾಹನ ಗುಣವಿಶೇಷಗಳಂಥ ಆಳವಾದ ವಿಷಯದಲ್ಲಿ ಸಾಹಿತಿ, ವ್ಯಾಕರಣ ಪಂಡಿತ, ಮುಹದ್ದಿಸ್, ಮುಫಸ್ಸಿರ್, ಫಕೀಹ್ ಎಲ್ಲರನ್ನೂ ಅವರು ಅವಾಮಿನ ಲೆಕ್ಕಕ್ಕೇ ಸೇರಿಸುತ್ತಾರೆ. ಅಂದರೆ ಒಂದಲ್ಲ ಒಂದು ವಿಷಯದಲ್ಲಿ ನಾವೆಲ್ಲರೂ ಅವಾಮೇ. ಕಿತಾಬು ಓದಿದ ಉಸ್ತಾದ್ ದೋಣಿಯ ಇಂಜಿನ್ ಮುಂದೆ ಅವಾಮ್, ಡಾಕ್ಟರ್ ಫಿಖ್‌ಹ್ ಮುಂದೆ ಅವಾಮ್.

ಕನ್ನಡದ 'ಸಾಮಾನ್ಯ' ಪದವೂ ಹುಟ್ಟಿದ್ದು 'ಸಮಾನ'ದಿಂದಲೇ. ಅದರ ಹಿಂದೆ ಗೌರವದ 'ಶ್ರೀ' ಸೇರಿಸಿ ಕುವೆಂಪು 'ಶ್ರೀಸಾಮಾನ್ಯ' ಎಂದು ಬರೆದರು.

ಹಾಗಾಗಿ ಮಹಲ್ಲಿನ ಸಭೆಯಲ್ಲಿ ಹಿಂದಿನ ಸಾಲಿನಿಂದ ಮೀನು ಮಾರುವ ಕಾಕ ಎದ್ದು ಲೆಕ್ಕ ಕೇಳಿದರೆ, 'ಅವಾಮ್ ಸುಮ್ಮನಿರಲಿ' ಅನ್ನುವುದು ಸರಿಯಲ್ಲ. ಆ ಲೆಕ್ಕದಲ್ಲಿ ಅವರು ಕೊಟ್ಟ ತಿಂಗಳ ವಂತಿಗೆಯೂ ಇದೆ. ಮಸೀದಿಯ ಸಫ್ಫಿನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತವರಿಗೆ ಹೊರಗಿನ ಕುರ್ಚಿಯಲ್ಲೂ ಜಾಗ ಇರಬೇಕು. ಎಲ್ಲರನ್ನೂ ಒಳಗೊಳ್ಳುವ ಪದದಿಂದ ಒಬ್ಬರನ್ನೂ ಹೊರಗಿಡಬಾರದು.